ಬಣ್ಣದ ಕೆಳಗಿನ ತಗಡು

ನನ್ನ ಮೊದಲ ಮೀಟರಿಗೆ ಕೊಟ್ಟದ್ದು ಐವತ್ತೆಂಟು ಸಾವಿರ ರೂಪಾಯಿ. ಮಾರುವವರು ಹೇಳಿದ್ದು ಎಪ್ಪತ್ತೆರಡು. ಅಂಗೈಯಲ್ಲಿ ಕೂರುವ ಪೆಟ್ಟಿಗೆ, ಅದರಿಂದ ಹೊರಟ ಒಂದು ವಯರು, ವಯರಿನ ತುದಿಯಲ್ಲಿ ನಾಣ್ಯದಷ್ಟು ಅಗಲದ ಪ್ರೋಬ್, ಇಷ್ಟೇ. ಆ ದುಡ್ಡಿಗೆ ಆಗ ಒಂದು ಹೊಸ ಸ್ಕೂಟರ್ ಬರುತ್ತಿತ್ತು, ನಮ್ಮ ಮನೆಯವರಿಗೆ ಸ್ಕೂಟರಿನ ಆಸೆಯೂ ಇತ್ತು. ಹಾಗಾಗಿ ಈ ಪೆಟ್ಟಿಗೆಗೆ ಯಾಕೆ ಅಷ್ಟು ಬೆಲೆ ಎಂದು ನಾನು ಮೊದಲು ಉತ್ತರ ಕೊಡಬೇಕಾಗಿ ಬಂದದ್ದು ಮನೆಯಲ್ಲೇ.

ಅರ್ಧ ಬೆಲೆ ಪ್ರೋಬಿನದ್ದು. ಕಿವಿಗೆ ಕೇಳಿಸದ ಸದ್ದೊಂದನ್ನು ಅದು ಕಬ್ಬಿಣದ ಒಳಗೆ ಕಳಿಸುತ್ತದೆ. ಸದ್ದು ತಗಡಿನ ಆಚೆ ಬದಿಗೆ ತಾಗಿ ವಾಪಸು ಬರುತ್ತದೆ. ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ತಗಡು ಎಷ್ಟು ದಪ್ಪ ಎಂದು ಮೀಟರ್ ಹೇಳುತ್ತದೆ. ಕೊರೆಯುವುದು ಬೇಡ, ಬಿಚ್ಚುವುದು ಬೇಡ, ಒಳಗೆ ಇಳಿಯುವುದು ಬೇಡ. ಬಸುರಿಯ ಹೊಟ್ಟೆಯ ಮೇಲೆ ಡಾಕ್ಟರು ಆಡಿಸುವುದೂ ಇದೇ ಜಾತಿಯ ಸದ್ದನ್ನು. ಉಳಿದ ಬೆಲೆ ಮೀಟರಿಗೆ, ಅದರ ಜೊತೆ ಕೊಡುವ, ದಪ್ಪ ಮೊದಲೇ ಗೊತ್ತಿರುವ, ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಒಂದು ಉಕ್ಕಿನ ತುಂಡಿಗೆ, ಮತ್ತೆ ಒಂದು ಚರ್ಮದ ಬ್ಯಾಗಿಗೆ. ಬ್ಯಾಗ್ ಬೇಡ ಎಂದೆ. ಪುತ್ತೂರಿನಲ್ಲಿ ದಪ್ಪ ಬಟ್ಟೆಯದ್ದು ಹೊಲಿಸಿಕೊಂಡೆ. ಪ್ರೋಬಿನ ಕೆಳಗೆ ಹಚ್ಚುವ ಜೆಲ್ಲಿನ ಎರಡು ಬಾಟಲಿ ಪುಕ್ಕಟೆ ತಂದೆ.

ಅರ್ಧ ದರದ ಮೀಟರೂ ಮಾರುವವರ ಮೇಜಿನ ಮೇಲಿತ್ತು. ಎರಡನ್ನೂ ಒಂದೇ ಉಕ್ಕಿನ ತುಂಡಿನ ಮೇಲೆ ಮತ್ತೆ ಮತ್ತೆ ಇಟ್ಟು ನೋಡಿದೆ. ಅಗ್ಗದ್ದು ಪ್ರತಿ ಸಲ ಬೇರೆ ಬೇರೆ ನಂಬರ್ ತೋರಿಸಿತು, ದುಬಾರಿಯದ್ದು ಒಂದೇ ನಂಬರಿಗೆ ಅಂಟಿಕೊಂಡಿತು. ನಾನು ಚೌಕಾಸಿ ಮಾಡುವವಳು, ಆದರೆ ಹಣ ಎಲ್ಲಿ ಉಳಿಸಬಾರದು ಎಂಬುದೂ ಚೌಕಾಸಿಯ ಒಂದು ಭಾಗ.

ಈಗ ಪುತ್ತೂರಿನ ನನ್ನ ಅಂಗಡಿಯ ಶಟರ್ ಎಳೆದಾಗಿದೆ. ಈ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಯಾವ ಮೀಟರ್ ಒಳ್ಳೆಯದು, ಎಷ್ಟು ಚಾರ್ಜ್ ಮಾಡಬೇಕು, ಇವೆರಡೇ ಅವರ ಪ್ರಶ್ನೆ. ಎರಡಕ್ಕೂ ಉತ್ತರ ಕೊಡುತ್ತೇನೆ. ಆದರೆ ಈ ಕೆಲಸ ನಿಜವಾಗಿ ಏನು ಎಂದು ಹೇಳಬೇಕಾದರೆ ಒಂದು ಗೇರುಬೀಜದ ಫ್ಯಾಕ್ಟರಿಯ ಸಂಗತಿ ಹೇಳಬೇಕು. ಅಲ್ಲಿ ಹಬೆಯ ಕುಕ್ಕರಿನ ಬುಡದಲ್ಲಿ ಕೂತು ಹೆಂಗಸರು ಊಟ ಮಾಡುತ್ತಿದ್ದರು. ಆ ಕುಕ್ಕರನ್ನು ದೀಪಾವಳಿಯವರೆಗೆ ನಡೆಸಬಹುದೋ ಬಾರದೋ ಎಂಬುದು ನನ್ನ ಮೀಟರಿನ ಒಂದು ನಂಬರಿನ ಮೇಲೆ ನಿಂತಿತ್ತು. ಆ ನಂಬರ್ ತಪ್ಪಾಗಿತ್ತು.

ಅದಕ್ಕಿಂತ ಮೊದಲು ನಾನು ಯಾರೆಂದು ಹೇಳಬೇಕು. ಹುಟ್ಟಿದ್ದು ಪೆರಾಬೆ ಎಂಬ ಹಳ್ಳಿಯಲ್ಲಿ. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತು, ಆಸ್ಪತ್ರೆಗಳ ಸ್ಕ್ಯಾನಿಂಗ್ ಮೆಷಿನ್ ರಿಪೇರಿ ಮಾಡುವ ಮಂಗಳೂರಿನ ಒಂದು ಕಂಪೆನಿಗೆ ಸೇರಿದೆ. ಅಲ್ಲಿ ನನ್ನ ಮೇಲಿದ್ದವರು ವಿಠಲ ಸರ್. ಬೈಯುವಾಗ ತುಳು, ಕಲಿಸುವಾಗ ಕನ್ನಡ, ಕಂಪೆನಿಗೆ ವರದಿ ಬರೆಯುವಾಗ ಇಂಗ್ಲಿಷ್. ಜೆಲ್ಲನ್ನು ತುಪ್ಪದ ಹಾಗೆ ಬಳಸಬೇಕು ಎಂಬ ಮನುಷ್ಯ.

ಒಂದು ಮಳೆಗಾಲ ಸುಳ್ಯದ ಕಡೆಯ ಒಂದು ಆಸ್ಪತ್ರೆಯಿಂದ ಫೋನ್ ಬಂತು. ಪರದೆಯ ತುಂಬ ಗೆರೆ, ಮಗು ಕಾಣುವ ಜಾಗದಲ್ಲಿ ಗೆರೆ, ನೀವು ಕೊಟ್ಟದ್ದೇ ಹಾಳು ಮೆಷಿನ್ ಎಂದು ಡಾಕ್ಟರ ಕೋಪ. ಹೊರಗೆ ಬೆಂಚಿನ ಮೇಲೆ ಬಸುರಿಯರ ಸಾಲು. ನಾನು ಬಿಚ್ಚಲು ಸ್ಕ್ರೂಡ್ರೈವರ್ ತೆಗೆದೆ. ವಿಠಲ ಸರ್ ತಡೆದು, ಪ್ರೋಬನ್ನು ತಮ್ಮ ಮುಂಗೈ ಮೇಲೆ ಒತ್ತಿ ಪರದೆ ನೋಡಿದರು. ಅವರ ಕೈಯ ಎಲುಬು ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು, ಪರದೆಗೆ ಗೊತ್ತಿರಲಿಲ್ಲ. ಪ್ರೋಬ್ ಬದಲಿಸಿ ನೋಡಿದರು. ಅದೇ ಗೆರೆ. ಆದ್ದರಿಂದ ತಪ್ಪು ಪ್ರೋಬಿನಲ್ಲಿ ಇಲ್ಲ, ಪೆಟ್ಟಿಗೆಯಲ್ಲಿ. ಆಮೇಲೆ ಬಿಚ್ಚಿದೆವು. ಒಳಗೆ ಬೆಚ್ಚಗಿನ ಜಾಗ ಹುಡುಕಿ ಹೋದ ಹಲ್ಲಿಯೊಂದು ಬೋರ್ಡಿನ ಮೇಲೆ ಸತ್ತು ಒಣಗಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಹೇಳಿದ್ದನ್ನು ನಾನು ಈಗಲೂ ಬಂದವರಿಗೆಲ್ಲ ಹೇಳುತ್ತೇನೆ. "ಮೆಷಿನ್ ಹೇಳುದನ್ನು ಕೇಳ್ಬೇಕು, ಕೇಳಿದ ಕೂಡ್ಲೆ ಒಪ್ಪಬಾರ್ದು. ಮೊದ್ಲು ನಿನಗೆ ಗೊತ್ತಿದ್ದದ್ದನ್ನು ಅಳೆ. ಅದು ಸರಿ ಬಂದ್ರೆ ಗೊತ್ತಿಲ್ಲದ್ದನ್ನು ಅಳೆ."

ಕಂಪೆನಿ ಬಿಟ್ಟು ಸ್ವಂತ ಅಂಗಡಿ ಹಾಕಿದ ಮೇಲೆ ಸದ್ದಿನಿಂದ ತೊಳೆಯುವ ತೊಟ್ಟಿಗಳನ್ನು ಮಾರಿದೆ. ನೀರಿನೊಳಗೆ ಆ ಸದ್ದು ಬಿಟ್ಟರೆ ಸಣ್ಣ ಸಣ್ಣ ಗುಳ್ಳೆಗಳು ಎದ್ದು ಒಡೆದು ಸಂದಿಗೊಂದಿಯ ಕೊಳೆಯನ್ನೆಲ್ಲ ಕಿತ್ತು ಬಿಡುತ್ತವೆ. ಹಲ್ಲಿನ ಡಾಕ್ಟರು, ಕನ್ನಡಕದವರು ಸಂತೋಷದಿಂದ ತೆಗೆದುಕೊಂಡರು. ಪುತ್ತೂರಿನ ಅಕ್ಕಸಾಲಿಗರೊಬ್ಬರು ಮಾತ್ರ ಎರಡನೇ ದಿನವೇ ತೊಟ್ಟಿಯನ್ನು ತಲೆಯ ಮೇಲೆ ಹೊತ್ತು ಬಂದರು. ಯಾರದೋ ಅಜ್ಜಿಯ ಕಾಲದ ಬೆಂಡೋಲೆ ಹಾಕಿದ್ದರಂತೆ. ಅರಗು ತುಂಬಿಸಿ ಕೂರಿಸಿದ ಕಲ್ಲುಗಳು ಕೊಳೆಯ ಜೊತೆಗೇ ಎದ್ದು ನೀರಿನ ತಳಕ್ಕೆ ಕೂತಿದ್ದವು. "ನಿಮ್ಮ ಮೆಷಿನ್ ತೊಳೆಯುದು ಸರಿ ಮಾರಾಯ್ತಿ, ಯಾವುದನ್ನು ಬಿಡ್ಬೇಕು ಅಂತ ಅದಕ್ಕೆ ಗೊತ್ತಿಲ್ಲ" ಎಂದರು. ನಿಜ. ತೊಟ್ಟಿ ವಾಪಸು ತೆಗೆದುಕೊಳ್ಳಲಿಲ್ಲ. ಅರಗಿನ ಕೆಲಸದ್ದನ್ನು ಹಾಕಬಾರದು ಎಂದು ಒಂದು ಚೀಟಿ ಬರೆದು ಅದರ ಮೇಲೆ ಅಂಟಿಸಿ ಕೊಟ್ಟೆ. ಆ ತೊಟ್ಟಿ ಬಹಳ ವರ್ಷ ಅವರ ಅಂಗಡಿಯಲ್ಲಿ ಓಡಿತು. ಅವರ ನೆಂಟರೂ ನನ್ನಲ್ಲೇ ಕೊಂಡರು.

ದಪ್ಪ ಅಳೆಯುವ ಕೆಲಸ ಆಮೇಲಿನದ್ದು. ಸುಬ್ರಹ್ಮಣ್ಯದ ಲಾಡ್ಜುಗಳ ಬಿಸಿನೀರಿನ ಟ್ಯಾಂಕು, ರಬ್ಬರ್ ಹೊಗೆಮನೆಯ ಪೈಪು, ಐಸ್ ಪ್ಲಾಂಟು, ಊಟದ ಹಾಲ್‌ಗಳಲ್ಲಿ ಹಬೆಯಿಂದ ಅನ್ನ ಮಾಡುವ ಪಾತ್ರೆ, ಎಲ್ಲವೂ ಒಳಗಿನಿಂದ ಸವೆಯುತ್ತವೆ. ಹೊರಗಿನಿಂದ ಕಾಣುವುದಿಲ್ಲ. ಪ್ರೋಬಿಗೂ ಕಬ್ಬಿಣಕ್ಕೂ ನಡುವೆ ಗಾಳಿ ಇದ್ದರೆ ಸದ್ದು ದಾಟುವುದಿಲ್ಲ, ಆದ್ದರಿಂದ ಜೆಲ್ ಹಚ್ಚಬೇಕು. ಹೊಟ್ಟೆಗೆ ಹಚ್ಚುವ ಜೆಲ್ಲನ್ನೇ ನಾನು ಕಬ್ಬಿಣಕ್ಕೂ ಹಚ್ಚುತ್ತಿದ್ದೆ. ಅದು ಮುಗಿದ ದಿನ ತೆಂಗಿನೆಣ್ಣೆ. ಎಣ್ಣೆಯಿಂದಲೂ ನಂಬರ್ ಸರಿಯಾಗಿ ಬರುತ್ತದೆ, ಇರುವೆ ಮಾತ್ರ ಬೇಗ ಬರುತ್ತದೆ.

ಇನ್ನು ಆ ಫ್ಯಾಕ್ಟರಿ. ಅದು ಸುಳ್ಯದಿಂದ ಮಂಡೆಕೋಲಿನ ಕಡೆಗೆ ಹೋಗುವ ದಾರಿಯಲ್ಲಿತ್ತು. ತಂದೆ ಕಟ್ಟಿದ್ದನ್ನು ಮಗ ಪದ್ಮಯ್ಯ ಗೌಡರು ನಡೆಸುತ್ತಿದ್ದರು. ಊರಿಗೆಲ್ಲ ಅವರು ಪದ್ಮಯ್ಯಣ್ಣ. ಕುಕ್ಕರ್ ಎಂದರೆ ಆಳೆತ್ತರದ ಉಕ್ಕಿನ ಡ್ರಮ್ಮು. ಹಸಿ ಗೇರುಬೀಜ ತುಂಬಿ ಬಾಯಿ ಬಿಗಿದರೆ ಪಕ್ಕದ ಬಾಯ್ಲರಿನ ಹಬೆ ಒತ್ತಡದಲ್ಲಿ ಒಳಗೆ ನುಗ್ಗಿ ಬೇಯಿಸುತ್ತದೆ. ಬೆಂದ ಬೀಜದ ಸಿಪ್ಪೆ ಒಡೆಯುವುದು ಸುಲಭ. ಈ ಕುಕ್ಕರನ್ನು ಶುರುವಿನಿಂದ ನೋಡಿಕೊಂಡು ಬಂದವರು ಐತಪ್ಪಣ್ಣ. ಬೀಜ ಒಡೆಯಲು, ಸಿಪ್ಪೆ ತೆಗೆಯಲು, ಆರಿಸಲು ಮೂವತ್ತಕ್ಕೆ ಮೇಲೆ ಹೆಂಗಸರಿದ್ದರು. ಕುಕ್ಕರಿನ ಬುಡದ ಸುತ್ತ ಒಂದು ಸಿಮೆಂಟಿನ ಕಟ್ಟೆ. ಬೆಳಿಗ್ಗೆ ಬಂದವರೆಲ್ಲ ಬುತ್ತಿಯನ್ನು ಅದರ ಮೇಲೆ ಸಾಲಾಗಿ ಇಡುತ್ತಿದ್ದರು. ಮಧ್ಯಾಹ್ನಕ್ಕೆ ಅನ್ನ ಬಿಸಿಬಿಸಿ. ಮಳೆ ಬಂದರೆ ಊಟಕ್ಕೆ ಕೂರುವುದೂ ಅಲ್ಲೇ, ಬೆನ್ನಿಗೆ ಬೆಚ್ಚಗೆ.

ವಿಮೆಯವರು ಕುಕ್ಕರಿನ ದಪ್ಪದ ವರದಿ ಕೇಳಿದ್ದರು. ಪದ್ಮಯ್ಯಣ್ಣ ಫೋನಿನಲ್ಲಿ ಕೇಳಿದ್ದು ಒಂದು ಕಾಗದವನ್ನು, ಅಳೆಯುವ ಮಾತೇ ಆಡಲಿಲ್ಲ. ದರದಲ್ಲಿ ಇಬ್ಬರೂ ಸ್ವಲ್ಪ ಎಳೆದಾಡಿ ಒಂದು ಕಡೆ ನಿಂತೆವು. ನಾನು ಹೋದದ್ದು ಆಯುಧಪೂಜೆಯ ಮುಂದಿನ ವಾರ. ಅವರ ಅವಸರಕ್ಕೆ ಕಾರಣ ಇತ್ತು. ಮೈಸೂರಿನ ಮಿಠಾಯಿಯವರೊಬ್ಬರು ದೀಪಾವಳಿಗೆ ದೊಡ್ಡ ಆರ್ಡರ್ ಕೊಟ್ಟಿದ್ದರು. ಹೆಂಗಸರ ಬೋನಸ್ ಆ ಆರ್ಡರನ್ನು ನಂಬಿಕೊಂಡಿತ್ತು.

ಕುಕ್ಕರಿಗೆ ಬೆಳ್ಳಿ ಬಣ್ಣ ಬಳಿದು ಹೆಚ್ಚು ದಿನ ಆಗಿರಲಿಲ್ಲ, ವಾಸನೆ ಹೋಗಿರಲಿಲ್ಲ. ಅದರ ಮೇಲೆ ಗಂಧ, ಕುಂಕುಮ, ಬಾಡಿದ ಗೊಂಡೆ ಹೂವಿನ ಮಾಲೆ. ನಾನು ಜೆಲ್ ಹಚ್ಚುವಾಗ ಸುಶೀಲಕ್ಕ ಎಂಬ ಹಿರಿಯ ಕೆಲಸದಾಕೆ ಹತ್ತಿರ ಬಂದು ನಿಂತಳು. ಆಸ್ಪತ್ರೆಯ ಜೆಲ್ಲಿನ ಬಾಟಲಿಯ ಗುರುತು ಆಕೆಗಿತ್ತು.

"ಎಂತ ವಾರಿಜಕ್ಕ, ಗಂಡೋ ಹೆಣ್ಣೋ?"

"ಹೇಳಿದ್ರೆ ನನ್ನನ್ನು ಜೈಲಿಗೆ ಹಾಕ್ತಾರೆ ಮಾರಾಯ್ತಿ."

"ಇವಳಿಗೆ ವಯಸ್ಸಾಯ್ತು, ಇನ್ನೆಂತ ಆಗ್ಲಿಕ್ಕುಂಟು" ಎಂದರು ಐತಪ್ಪಣ್ಣ.

"ಬಣ್ಣ ಹಚ್ಚಿಕೊಂಡದ್ದು ನೋಡಿದ್ರೆ ಹಾಗೆ ಕಾಣುದಿಲ್ಲಪ್ಪ" ಎಂದಳು ಸುಶೀಲಕ್ಕ. ಒಡೆಯುವ ಸಾಲಿನವರೆಲ್ಲ ನಕ್ಕರು.

ಕುಕ್ಕರಿನ ಮೇಲೆ ತಯಾರಿಸಿದವರು ಹೊಡೆದ ಫಲಕದಲ್ಲಿ ತಗಡು ಎಂಟು ಮಿಲಿಮೀಟರ್ ಎಂದಿತ್ತು. ಮೀಟರ್ ಎಂಟೂಕಾಲು ತೋರಿಸಿತು. ಪದ್ಮಯ್ಯಣ್ಣನ ಮುಖ ಅರಳಿತು. ಅಪ್ಪ ಮಾಡಿಸಿದ ಸಾಮಾನು ಅಂದರೆ ಹೀಗೆ, ಈಗಿನವರದ್ದಾದರೆ ಇಷ್ಟರಲ್ಲಿ ಕರಗಿ ಹೋಗುತ್ತಿತ್ತು ಎಂದರು. ನನಗೆ ಚಹಾ ಹೇಳಿದರು.

ನಾನು ಚಹಾದ ಲೋಟವನ್ನು ಪಕ್ಕಕ್ಕೆ ಇಟ್ಟೆ. ಸಂತೆಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು ತೂಗಿ ಕೊಡುವವನನ್ನು ಕಂಡರೆ ನಾನು ತಕ್ಕಡಿಯ ತಳ ನೋಡುವವಳು. ಇಷ್ಟು ವರ್ಷ ಹಬೆ ಕುಡಿದ, ಗೇರು ಸಿಪ್ಪೆಯ ಸುಡುವ ಎಣ್ಣೆ ಕುಡಿದ ತಗಡು ಸವೆಯದೆ ಇರುವುದೇ ಅಪರೂಪ, ಇದು ಬೆಳೆದಿದೆ. ಮೀಟರನ್ನು ಉಕ್ಕಿನ ತುಂಡಿನ ಮೇಲಿಟ್ಟೆ. ಸರಿಯಾಗಿಯೇ ಇತ್ತು. ಹಾಗಾದರೆ ತಪ್ಪು ಮೀಟರಿನದ್ದಲ್ಲ.

ಮಾಲೆ ಕಟ್ಟಿದ ತಂತಿ ಉಜ್ಜಿ ಒಂದು ಕಡೆ ಬಣ್ಣ ಸೀಳಿತ್ತು. ಉಗುರು ಹಾಕಿ ನೋಡಿದೆ. ಪದರದ ಕೆಳಗೆ ಪದರ, ಅದರ ಕೆಳಗೆ ಮತ್ತೆ ಪದರ, ಈರುಳ್ಳಿಯ ಹಾಗೆ. ಎಷ್ಟು ವರ್ಷದಿಂದ ಬಳಿಯುತ್ತೀರಿ ಎಂದು ಐತಪ್ಪಣ್ಣನನ್ನು ಕೇಳಿದೆ. ಫ್ಯಾಕ್ಟರಿ ಶುರುವಾದಲ್ಲಿಂದ, ಪ್ರತಿ ಆಯುಧಪೂಜೆಗೆ ಎರಡೆರಡು ಸಲ ಬಳಿಯುವುದು ಎಂದರು. ಹಳೆಯದನ್ನು ಕೆರೆಯುವುದಿಲ್ಲವೇ ಎಂದು ಕೇಳಿದೆ. ಕೆರೆಯುವುದೇ? ಎಂದು ಅವರು ನನ್ನ ಮುಖ ನೋಡಿದರು.

ಇದು ಅವರೊಬ್ಬರ ಸಂಗತಿ ಅಲ್ಲ. ನಮ್ಮ ಕಡೆ ಮರದ ಮಿಲ್ಲು, ವರ್ಕ್‌ಶಾಪು, ಅಕ್ಕಿ ಗಿರಣಿ ಎಲ್ಲಿ ಬೇಕಾದರೂ ನೋಡಿ, ಪೂಜೆಗೆ ಮೊದಲು ಬಣ್ಣದ ಮೇಲೆ ಬಣ್ಣ. ಅನ್ನ ಕೊಡುವ ವಸ್ತುವಿಗೆ ಹೊಸ ಬಟ್ಟೆ ಉಡಿಸಿದ ಹಾಗೆ. ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಆದರೆ ಬಣ್ಣದೊಳಗೆ ಸದ್ದು ಉಕ್ಕಿನಲ್ಲಿ ಓಡಿದಷ್ಟು ವೇಗವಾಗಿ ಓಡುವುದಿಲ್ಲ, ಅರ್ಧಕ್ಕಿಂತಲೂ ನಿಧಾನ. ನನ್ನ ಮೀಟರಿಗೆ ಉಕ್ಕು ಮಾತ್ರ ಗೊತ್ತು. ಸದ್ದು ತಡವಾಗಿ ವಾಪಸು ಬಂದರೆ ತಗಡು ದಪ್ಪ ಇರಬೇಕು ಎಂದುಕೊಳ್ಳುತ್ತದೆ. ಒಂದು ಮಿಲಿಮೀಟರ್ ಬಣ್ಣ ಇದ್ದರೆ ಎರಡಕ್ಕೆ ಮೇಲೆ ಉಕ್ಕು ಎಂದು ಬರೆದುಕೊಳ್ಳುತ್ತದೆ. ಇಲ್ಲಿ ಎಷ್ಟು ಬಣ್ಣ ಕೂತಿದೆ, ಅದರ ಹಿಂದೆ ಎಷ್ಟು ತಗಡು ಉಳಿದಿದೆ ಎಂದು ತಿಳಿಯಲು ಇದ್ದದ್ದು ಒಂದೇ ದಾರಿ, ಕೆರೆಯುವುದು.

ಪದ್ಮಯ್ಯಣ್ಣ ಒಪ್ಪಲಿಲ್ಲ. ಪೂಜೆ ಆಗಿ ವಾರ ಕಳೆದಿಲ್ಲ. ಗಂಧ ಹಚ್ಚಿದ ಮೈಯನ್ನು ಕೆರೆದರೆ ಕಳೆ ಹೋಗುತ್ತದೆ, ಅಪ್ಪ ಇದ್ದಾಗಲೂ ಯಾರಿಗೂ ಕೆರೆಯಲು ಬಿಟ್ಟವರಲ್ಲ ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ, ಮನೆಯ ದೇವರ ಕೋಣೆಗೆ ಚಪ್ಪಲಿ ಹಾಕಿ ಬರಬೇಡಿ ಎನ್ನುವ ಧಾಟಿಯಲ್ಲಿ.

ಇಂಥ ಹೊತ್ತಿನಲ್ಲಿ ಶಾಸ್ತ್ರ ಮಾತಾಡಬಾರದು, ವಿಜ್ಞಾನವನ್ನೂ ಮಾತಾಡಬಾರದು. ವ್ಯಾಪಾರ ಮಾತಾಡಬೇಕು. ಅಂಗೈ ಅಗಲದ ಹತ್ತು ಜಾಗ ಬೇಕು ಎಂದೆ. ಹತ್ತು ಬೇಡ ಎಂದು ನನಗೆ ಗೊತ್ತಿತ್ತು. ಒಂದು ಕೊಡುತ್ತೇನೆ, ಹಿಂಬದಿಯಲ್ಲಿ, ನಾಣ್ಯದಷ್ಟು ಎಂದರು ಅವರು. ಎಂಟಕ್ಕೆ ಇಳಿದೆ. ಎರಡಕ್ಕೆ ಏರಿದರು. ನಾನು ಸುಮ್ಮನೆ ಜೆಲ್ಲಿನ ಮುಚ್ಚಳ ಹಾಕಿ, ಪ್ರೋಬ್ ಒರೆಸಿ, ಬ್ಯಾಗಿನ ಝಿಪ್ ಎಳೆಯಲು ಶುರು ಮಾಡಿದೆ. ವರದಿ ಬೇಕಾದವರು ಅವರು. ಐದು ಎಂದರು. ಆಯಿತು, ಐದೂ ನಾಣ್ಯದಷ್ಟೇ ಸಾಕು, ಆದರೆ ಜಾಗ ನಾನು ಹೇಳಿದ್ದು ಎಂದೆ.

"ಎದುರು ಬೇಡ. ಬಂದವರಿಗೆ ಕಾಣ್ತದೆ."

"ಎದುರು ಬೇಡ ಬಿಡಿ. ಬುಡದಲ್ಲಿ ಕೊಡಿ, ಅಲ್ಲಿ ಯಾರು ಬಗ್ಗಿ ನೋಡ್ತಾರೆ?"

ಪದ್ಮಯ್ಯಣ್ಣ ಗೆದ್ದವರ ಹಾಗೆ ತಲೆಯಾಡಿಸಿದರು. ನನಗೆ ಬೇಕಾಗಿದ್ದದ್ದು ಬುಡವೇ. ಹಬೆ ನೀರಾಗಿ ಇಳಿದು, ಸಿಪ್ಪೆಯ ಎಣ್ಣೆಯ ಜೊತೆ ಸೇರಿ ನಿಲ್ಲುವುದು ಅಲ್ಲಿ. ಸವೆಯುವುದಾದರೆ ಮೊದಲು ಸವೆಯುವುದು ಅಲ್ಲಿ.

ಐತಪ್ಪಣ್ಣ ಒಂದು ತೆಂಗಿನಕಾಯಿ ಒಡೆದು ಕೈ ಮುಗಿದರು. ಕುಕ್ಕರಿಗೆ ಆ ದಿನದ ಹಬೆ ಬಿಟ್ಟಿರಲಿಲ್ಲ, ಬಾಯ್ಲರಿಗೆ ಆಗಷ್ಟೆ ಬೆಂಕಿ ಹಾಕಿದ್ದರು. ಕಟ್ಟೆಯ ಮೇಲಿದ್ದ ಬುತ್ತಿಗಳನ್ನು ಸ್ವಲ್ಪ ಸರಿಸಿ ನಾನು ಮಂಡಿ ಊರಿ ಕೂತೆ. ಬಣ್ಣ ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು, ಒಂದೊಂದು ತುಂಡು ಹಳೆಯ ರಬ್ಬರ್ ಚಪ್ಪಲಿಯ ಪಟ್ಟಿಯಷ್ಟು ದಪ್ಪ. ಮೊದಲನೆಯ ಜಾಗದಲ್ಲಿ ಮೀಟರ್ ನಾಲ್ಕೂವರೆ ಎಂದಿತು. ಎರಡನೆಯದರಲ್ಲಿ ನಾಲ್ಕು. ಮೂರನೆಯ, ನಾಲ್ಕನೆಯ ಜಾಗದಲ್ಲಿ ಇನ್ನೂ ಕಡಿಮೆ. ಐದನೆಯದು ನೀರು ಹೊರಹೋಗುವ ಪೈಪಿನ ಪಕ್ಕ. ಅಲ್ಲಿ ಒಮ್ಮೆ ಎರಡು ಎಂದಿತು. ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದರೆ ನಂಬರೇ ಇಲ್ಲ. ಒಳಗೆ ಗುಳಿ ಬಿದ್ದ ಕಡೆ ಸದ್ದು ಚೆದುರಿ ಹೋಗುತ್ತದೆ, ವಾಪಸು ಬರುವುದಿಲ್ಲ.

ನಾನು ಮೇಲೆ ಎದ್ದು ನಂಬರುಗಳನ್ನು ಎಲ್ಲರಿಗೂ ಕೇಳಿಸುವಂತೆ ಹೇಳಿದೆ. ಹಬೆಯ ಒತ್ತಡಕ್ಕೆ ಇಂಥ ತಗಡು ಒಡೆಯಬಹುದು, ಇದನ್ನು ಗುಟ್ಟಾಗಿ ಹೇಳಬಾರದು. ಅದರ ಪಕ್ಕದಲ್ಲಿ ನಿಲ್ಲುವವರೆಲ್ಲ ಕೇಳಬೇಕು.

ಪದ್ಮಯ್ಯಣ್ಣ ನನ್ನನ್ನು ಬಾಗಿಲ ಹತ್ತಿರಕ್ಕೆ ಕರೆದರು.

"ಮೊದ್ಲು ಬಂದ ನಂಬರನ್ನೇ ಬರೆದು ಕೊಡಿ ವಾರಿಜಕ್ಕ. ಅದೂ ನಿಮ್ಮ ಮೀಟರ್ ಹೇಳಿದ್ದೇ ಅಲ್ವಾ? ನೀವು ಸುಳ್ಳು ಬರೆದ ಹಾಗೆ ಆಗುದಿಲ್ಲ."

"ಮೀಟರಿಗೆ ಬಣ್ಣ ಗೊತ್ತಿರ್ಲಿಲ್ಲ ಪದ್ಮಯ್ಯಣ್ಣ. ನನಗೆ ಗೊತ್ತುಂಟು."

"ದೀಪಾವಳಿವರೆಗೆ ಮಾತ್ರ. ಆಮೇಲೆ ಬುಡ ಪೂರ್ತಿ ಬದಲಿಸುವ."

ಅವರು ಕೆಟ್ಟವರಲ್ಲ. ದಿನಕ್ಕೆ ಹತ್ತು ಸಲ ಅದೇ ಕುಕ್ಕರಿನ ಪಕ್ಕ ಅವರೇ ನಿಲ್ಲುತ್ತಿದ್ದರು. ಇಷ್ಟು ವರ್ಷ ನಿಂತ ಕಬ್ಬಿಣ ಇನ್ನು ಹದಿನೈದು ದಿನ ನಿಲ್ಲದೆ ಇರುತ್ತದೆಯೇ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಇದನ್ನು ನಾನು ಬಹಳ ಯಜಮಾನರ ಮುಖದಲ್ಲಿ ನೋಡಿದ್ದೇನೆ.

ನನಗೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಸುಶೀಲಕ್ಕ ಕಟ್ಟೆಯ ಹತ್ತಿರ ನಿಂತು ನಮ್ಮ ಮಾತು ಕೇಳಿಸಿಕೊಂಡಿದ್ದಳು. ಈಗ ಅವಳ ಸ್ವರ ಎದ್ದಿತು. ನಾನು ಅಳೆದು ಮನೆಗೆ ಹೋಗುವವಳು, ಫ್ಯಾಕ್ಟರಿ ನಿಂತರೆ ಬೋನಸ್ಸಿಲ್ಲದೆ ಕೂರುವವರು ತಾವು ಎಂದಳು. ತನ್ನ ಮಗಳ ಬಾಣಂತನ ಹತ್ತಿರ ಬಂದಿದೆ, ಆ ದುಡ್ಡು ನಾನು ಕೊಡುತ್ತೇನೆಯೇ ಎಂದು ಕೇಳಿದಳು. "ಇಷ್ಟು ವರ್ಷ ಎಂತ ಆಗ್ಲಿಲ್ಲ. ದೀಪಾವಳಿಗೆ ಎಂತ ಆಗ್ತದೆ?" ಅವಳ ಹಿಂದೆ ನಾಲ್ಕಾರು ಹೆಂಗಸರು ಹೌದು ಹೌದು ಎಂದರು. ನನ್ನ ಕೈಯಲ್ಲಿ ಇದ್ದದ್ದು ಒಂದು ನಂಬರ್ ಮಾತ್ರ.

ಆದರೆ ಚೌಕಾಸಿ ಮಾಡಿ ಬೆಳೆದವಳಿಗೆ ಎದುರಿನವರ ಬಾಯಿಗಿಂತ ಕೈ ನೋಡುವುದು ಅಭ್ಯಾಸ. ಸುಶೀಲಕ್ಕ ಮಾತಾಡುತ್ತಾ ಮಾತಾಡುತ್ತಾ ಬಗ್ಗಿ, ಕಟ್ಟೆಯ ಮೇಲಿದ್ದ ತನ್ನ ಬುತ್ತಿಯನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಿದ್ದಳು.

"ಸುಶೀಲಕ್ಕ, ಬುತ್ತಿ ಎಂತಕ್ಕೆ ತೆಗ್ದದ್ದು?"

ಅವಳು ತನ್ನ ಕೈಯನ್ನೇ ನೋಡಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು. "ಅನ್ನ ಚೆಲ್ಲಬಾರ್ದಲ್ಲ."

ಯಾರೂ ನಗಲಿಲ್ಲ. ಹಿಂದೆ ನಿಂತಿದ್ದ ಒಬ್ಬಳು ಬಂದು ತನ್ನ ಬುತ್ತಿ ತೆಗೆದುಕೊಂಡಳು. ಇನ್ನೊಬ್ಬಳು ಬಂದಳು. ಒಂದೊಂದಾಗಿ ಎಲ್ಲವೂ ಹೋದವು. ಐತಪ್ಪಣ್ಣನದ್ದೊಂದು ಉಳಿದಿತ್ತು, ಅದನ್ನೂ ಯಾರೋ ಎತ್ತಿ ಅವರ ಕೈಗೆ ಕೊಟ್ಟರು. ಪದ್ಮಯ್ಯಣ್ಣ ಖಾಲಿ ಕಟ್ಟೆಯನ್ನು ನೋಡುತ್ತಾ ನಿಂತರು. ನಾನು ಹೇಳಿದ ಯಾವ ನಂಬರೂ ಅವರನ್ನು ಅಷ್ಟು ಹೊತ್ತು ನಿಲ್ಲಿಸಿರಲಿಲ್ಲ.

"ಐತಪ್ಪ, ಬಾಯ್ಲರಿನ ಬೆಂಕಿ ತೆಗಿ" ಎಂದರು.

ಮರುದಿನ ನಾನೇ ಹೇಳಿ ನೀರಿನ ಪರೀಕ್ಷೆ ಮಾಡಿಸಿದೆ. ಆವೇಶದಲ್ಲಿ ಕೈಗೊಂಡ ತೀರ್ಮಾನ ಬೆಳಿಗ್ಗೆ ಎದ್ದಾಗ ಹಾಗೇ ಇರುತ್ತದೆ ಎಂದು ಹೇಳಲಾಗದು. ಕುಕ್ಕರಿನ ತುಂಬ ನೀರು ತುಂಬಿ ಎಲ್ಲ ಬಾಯಿ ಬಿಗಿದು ಕೈಪಂಪಿನಿಂದ ಒತ್ತಡ ಏರಿಸುವುದು. ಹಬೆ ಬಿಡುಗಡೆ ಸಿಕ್ಕರೆ ಹಿಗ್ಗಿ ನುಗ್ಗುತ್ತದೆ. ನೀರು ಸೋರಿದರೆ ಸೋರಿದಷ್ಟೇ. ಎಲ್ಲರನ್ನೂ ದೂರ ನಿಲ್ಲಿಸಿ ಐತಪ್ಪಣ್ಣ ಪಂಪು ಹೊಡೆದರು. ಒತ್ತಡ ತೋರಿಸುವ ಮುಳ್ಳು ದಿನದ ಕೆಲಸದ ಗುರುತಿಗೆ ಇನ್ನೂ ಮುಟ್ಟಿರಲಿಲ್ಲ. ಪೈಪಿನ ಪಕ್ಕದಿಂದ ದಾರದಷ್ಟು ಸಣ್ಣ ನೀರು ನೇರವಾಗಿ ಚಿಮ್ಮಿ ಕಟ್ಟೆಯ ಮೇಲೆ ಬಿತ್ತು. ಬಣ್ಣದ ಪದರವೇ ಇಷ್ಟು ದಿನ ಆ ತೂತನ್ನು ಮುಚ್ಚಿ ಹಿಡಿದಿತ್ತೋ ಏನೋ. ಸುಶೀಲಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪದ್ಮಯ್ಯಣ್ಣ ಪಂಪು ನಿಲ್ಲಿಸಲು ಹೇಳಿ ಮೈಸೂರಿಗೆ ಫೋನ್ ಮಾಡಿದರು.

ಕುಕ್ಕರ್ ಬೇಡ ಎಂದು ಹೇಳಿ ಎದ್ದು ಬರುವುದು ನನ್ನ ಜಾಯಮಾನ ಅಲ್ಲ. ಕಡಬದ ಕಡೆ ಇನ್ನೊಂದು ಗೇರುಬೀಜ ಫ್ಯಾಕ್ಟರಿಯ ಕುಕ್ಕರನ್ನು ನಾನು ಹಿಂದಿನ ಬೇಸಿಗೆಯಲ್ಲಿ ಅಳೆದಿದ್ದೆ. ಅದು ಅರ್ಧ ದಿನ ಖಾಲಿ ಇರುತ್ತದೆ ಎಂದು ಗೊತ್ತಿತ್ತು. ಅವರಲ್ಲಿ ಬೀಜ ಬೇಯಿಸಿ ಪಿಕಪ್ಪಿನಲ್ಲಿ ತರುವುದೆಂದು ಮಾತಾಯಿತು. ಚೀಲಕ್ಕೆ ಇಷ್ಟು ಎಂದು ಅವರು ಹೇಳಿದ ದರವನ್ನು ನಾನೇ ಕೂತು ಇಳಿಸಿದೆ. ಮೈಸೂರಿನ ಆರ್ಡರಿನಲ್ಲಿ ಮುಕ್ಕಾಲು ಭಾಗ ದೀಪಾವಳಿಗೆ ಹೋಯಿತು. ಬೋನಸ್ ಅರ್ಧ ಹಬ್ಬಕ್ಕೆ, ಇನ್ನರ್ಧ ತುಳಸಿ ಪೂಜೆಯ ಹೊತ್ತಿಗೆ. ಸುಶೀಲಕ್ಕ ನನ್ನ ಮೇಲಿನ ಸಿಟ್ಟನ್ನೂ ಹಾಗೆಯೇ ಎರಡು ಕಂತಿನಲ್ಲಿ ಬಿಟ್ಟಳು.

ಕುಕ್ಕರಿನ ಬುಡ ಕತ್ತರಿಸಿ ಹೊಸ ತಗಡು ಕೂರಿಸಿದರು, ಸುತ್ತಲಿನದ್ದನ್ನೂ ಬದಲಿಸಿದರು. ಬಣ್ಣದ ಮಾತು ಬಂದಾಗ ಮತ್ತೆ ಸ್ವಲ್ಪ ಚೌಕಾಸಿ ಆಯಿತು. ಬಳಿಯಲೇ ಬೇಡಿ ಎಂದರೆ ಅವರು ಕೇಳುವವರಲ್ಲ, ಹೊರಗಿನ ತುಕ್ಕು ತಡೆಯಲು ಬಣ್ಣ ಬೇಕು ಕೂಡ. ಕೊನೆಗೆ ಐದು ಕಡೆ ನಾಣ್ಯದಗಲ ಜಾಗಕ್ಕೆ ಬಣ್ಣ ತಾಗಿಸುವುದಿಲ್ಲ, ಎಣ್ಣೆ ಹಚ್ಚಿ ಇಡುವುದು ಎಂದು ಒಪ್ಪಿಗೆಯಾಯಿತು. ಮುಂದಿನ ಆಯುಧಪೂಜೆ ಕಳೆದು ನಾನು ಅಳೆಯಲು ಹೋದಾಗ ಆ ಐದು ಬರಿ ಜಾಗಗಳಲ್ಲೇ ಗಂಧದ ಬೊಟ್ಟು ಇಟ್ಟಿದ್ದರು. ಒರೆಸಿ ಜೆಲ್ ಹಚ್ಚಿದೆ. ನಂಬರ್ ಬಂತು, ಬರಬೇಕಾದಷ್ಟೇ ಬಂತು.

ಈಗಿನ ಮೀಟರುಗಳಿಗೆ ಬಣ್ಣವನ್ನು ಬಿಟ್ಟು ಬರಿ ತಗಡನ್ನು ಅಳೆಯುವ ಬುದ್ಧಿ ಬಂದಿದೆ. ಫೋನಿನಷ್ಟು ಇರುತ್ತವೆ, ಚಿತ್ರ ತೋರಿಸುತ್ತವೆ. ಅಂಥದ್ದನ್ನೇ ಕೊಳ್ಳಿ, ನನ್ನ ಹಾಗೆ ಕಷ್ಟಪಡಬೇಡಿ. ಆದರೆ ಬ್ಯಾಗಿನಲ್ಲಿ ಒಂದು ಸ್ಕ್ರೇಪರ್ ಇರಲಿ. ಬಣ್ಣ ಸಡಿಲವಾಗಿ ಎದ್ದಿದ್ದರೆ, ಕೆಳಗೆ ತುಕ್ಕಿದ್ದರೆ ಹೊಸ ಮೀಟರೂ ಎಡವುತ್ತದೆ.

ಜಾಗಕ್ಕೆ ಹೋದ ಕೂಡಲೆ ಮೀಟರ್ ತೆಗೆಯಬೇಡಿ. ಕೂತು ಮಾತಾಡಿ. ಯಾವಾಗ ತಂದದ್ದು, ಯಾವಾಗ ಬಣ್ಣ ಬಳಿದದ್ದು, ನೀರು ಎಲ್ಲಿ ನಿಲ್ಲುತ್ತದೆ ಎಂದು ಕೇಳಿ. ಕೊಟ್ಟ ಚಹಾ ಕುಡಿಯಿರಿ. ಪೂಜೆಯ ಮಾತು ಬಂದರೆ ವಾದಕ್ಕೆ ಇಳಿಯಬೇಡಿ, ಕಾಯಿ ಒಡೆಯುವುದಾದರೆ ಒಡೆಯಲಿ, ನಿಮಗೆ ಬೇಕಾದ್ದು ನಾಣ್ಯದಗಲ ಜಾಗ. ಅಳೆಯುವ ಮೊದಲು ಆ ತಗಡು ಎಷ್ಟಿರಬೇಕು ಎಂದು ಮನಸ್ಸಿನಲ್ಲಿ ಒಂದು ಅಂದಾಜು ಇಟ್ಟುಕೊಳ್ಳಿ. ನಂಬರ್ ಅದಕ್ಕಿಂತ ಕಡಿಮೆ ಬಂದರೆ ಒಮ್ಮೆ ಅಳೆಯಿರಿ, ಹೆಚ್ಚು ಬಂದರೆ ಮೂರು ಸಲ ಅಳೆಯಿರಿ. ವರದಿಯಲ್ಲಿ ಎಲ್ಲಿ ಕೆರೆದಿರಿ, ಎಲ್ಲಿ ಕೆರೆಯಲು ಬಿಡಲಿಲ್ಲ ಎಂದು ಎರಡನ್ನೂ ಬರೆಯಿರಿ.

ಚಾರ್ಜನ್ನು ಮೊದಲೇ ತೆಗೆದುಕೊಳ್ಳಿ, ಪೂರ್ತಿ. ಕೆಟ್ಟ ನಂಬರ್ ಕೇಳಿದ ಮೇಲೆ ಕೊಡಲು ಅವರಿಗೆ ಮನಸ್ಸು ಬರುವುದಿಲ್ಲ, ಕೇಳಲು ನಿಮಗೆ ಬಾಯಿ ಬರುವುದಿಲ್ಲ. ದರದಲ್ಲಿ ಎಳೆದಾಡಿ, ದಿನದಲ್ಲಿ ಎಳೆದಾಡಿ, ಎಷ್ಟು ಜಾಗ ಕೆರೆಯಬೇಕು ಎಂಬುದರಲ್ಲೂ ಎಳೆದಾಡಿ. ಪ್ರೋಬ್ ಕಬ್ಬಿಣಕ್ಕೆ ತಾಗಿ ನಂಬರ್ ನಿಂತ ಮೇಲೆ ಎಳೆದಾಟ ಮುಗಿಯಿತು. ಅದನ್ನು ಯಜಮಾನರಿಗೆ ಮಾತ್ರ ಹೇಳಿ ಹೊರಟು ಬರಬೇಡಿ. ಆ ಪಾತ್ರೆಯ ಹತ್ತಿರ ಕೂತು ಉಣ್ಣುವವರು ಯಾರೆಂದು ವಿಚಾರಿಸಿ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಅವರ ಎದುರು ನಿಂತು ಹೇಳಿ.